‘ಮುಖ ಬ್ಲರ್ ಮಾಡಿದ್ರಾತಲ್ರಿ?’

ಕಲಬುರಗಿಯ ಹಿರಿಯ ಹಿಜ್ರಾ ಗುರುಗಳು, ಸಂಸಾರದೊಳಗೇ ಗುಟ್ಟಾಗಿ ವಯಸ್ಸಾದ ಗೇ ಗಂಡಸರು ಹೇಳುವುದನ್ನು ಸಣ್ಣ ಸಿನಿಮಾ ಮಾಡಿಡುತ್ತೇವೆ ಅಂದರೆ ಸಾಕು, ಎಲ್ಲರದೂ ಒಂದೇ ಮಾತು: ‘ಮುಖ ಬ್ಲರ್ ಮಾಡಿದ್ರಾತಲ್ರಿ, ಅದಕ್ಯಾಕ ಅಷ್ಟು ಹೆದರ್ತಾರ?’

ಆಗಲ್ಲ. ಮುಖ ನೋಡಿಯೇ ಗುರುತು ಹಿಡಿಯಬೇಕಾದವರು ಅಪರಿಚಿತರು. ಓಣಿಯವರಿಗೆ ದನಿ ಸಾಕು, ಮುಂಗೈ ಹಚ್ಚೆ ಸಾಕು, ಗೋಡೆಯ ಮೇಲಿನ ಕಿರಾಣಿ ಅಂಗಡಿ ಕ್ಯಾಲೆಂಡರೂ ಸಾಕು. ತಲೆ ತಿರುಗಿಸಿದಾಗ ಬ್ಲರ್ ಒಂದೆರಡು ಫ್ರೇಮ್ ಜಾರುತ್ತದೆ. ಅಲ್ಲಿ ವಿಡಿಯೊ ನಿಲ್ಲಿಸಿ ನೋಡಿದರೆ ಮುಗೀತು. ಫೋನಿನಲ್ಲಿ ಬ್ಯಾಕಪ್ ಆನ್ ಇದ್ದರೆ ಬ್ಲರ್ ಮಾಡದ ಮೂಲ ಫೈಲಂತೂ ತಾನಾಗಿ ಗೂಗಲ್ ಫೋಟೋಸ್ ಸೇರಿರುತ್ತದೆ. ಲೊಕೇಶನ್ ಆನ್ ಇದ್ದರೆ ಮನೆಯ ಜಾಗವೂ ಅದರೊಳಗೇ.

ಮುಚ್ಚುವುದನ್ನು ಶೂಟಿಂಗಿನಲ್ಲೇ ಮುಚ್ಚಬೇಕು. ಕಿಟಕಿಗೆ ಬೆನ್ನು ಮಾಡಿ ಕೂರಿಸಿ, ಸ್ಕ್ರೀನಿನಲ್ಲಿ ಕಿಟಕಿಯ ಮೇಲೆ ಬೆರಳು ಒತ್ತಿ ಹಿಡಿದು ಎಕ್ಸ್‌ಪೋಶರ್ ಲಾಕ್ ಮಾಡಿ. ಇಲ್ಲದಿದ್ದರೆ ಫೋನ್ ಜಾಣತನ ಮಾಡಿ ಮುಖ ಬೆಳಗಿಸುತ್ತದೆ. ಶಹಾಬಾದ್ ಕಲ್ಲಿನ ನೆಲ ದನಿಯನ್ನು ಗುಂಯ್‌ಗುಡಿಸುತ್ತದೆ. ದಪ್ಪ ಕೌದಿ ಹಾಸಿ, ಎದುರು ಗೋಡೆಗೂ ಒಂದು ಇಳಿಬಿಡಿ. ಕೂಲರ್ ಬಂದ್. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಊರಲ್ಲಿ ಹಾಗಂದರೆ ಬೆಳಿಗ್ಗೆ 6ಕ್ಕೇ ಶುರು ಮಾಡಬೇಕು. ಕಾಲರ್ ಮೈಕ್ ಗದ್ದದಿಂದ ಒಂದು ಗೇಣು ಕೆಳಗೆ, ಸೆರಗು ಉಜ್ಜದ ಕಡೆ.

ದನಿಯ ಪಿಚ್ ಬದಲಿಸಬೇಡಿ. ಅದನ್ನು ತಿರುಗಿ ಸರಿಮಾಡಬಹುದು, ಮೇಲಾಗಿ ಕ್ರೈಂ ಸುದ್ದಿಯಂತೆ ಕೇಳಿಸುತ್ತದೆ. ಗುರುವಿನ ಮಾತನ್ನು ಬರೆದುಕೊಂಡು ಚೇಲಾ (ಹಿಜ್ರಾ ಗುರುವಿನ ಶಿಷ್ಯೆ) ಕೈಲಿ ಓದಿಸಿ. ಓದುತ್ತ ನಡುವೆ ನಿಲ್ಲಿಸಿ ಕೇಳುತ್ತಾರೆ: ‘ಆಗ ದವಾಖಾನಿಗೆ ಯಾವ ಹೆಸರಿಲೆ ಹೋಗ್ತಿದ್ರಿ ಗುರು?’ ಮೈಕ್ ಆಫ್ ಮಾಡಬೇಡಿ, ನಮಗೆ ಹೊಳೆಯದ ಪ್ರಶ್ನೆಗಳು ಅಲ್ಲೇ ಬರುವುದು.

‘377 ಹೋಯ್ತಲ್ಲ’ (ಸಲಿಂಗ ಸಂಬಂಧವನ್ನು ಅಪರಾಧ ಮಾಡಿದ್ದ ಐಪಿಸಿ ಕಲಂ) ಅನ್ನುವವರಿಗೆ: 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು, ನಿಜ. ಬಾಡಿಗೆ ಮನೆ ಮಾಲೀಕರಿಗೂ ತಮ್ಮನ ಮಗಳ ಬೀಗರಿಗೂ ತೀರ್ಪಿನ ಪ್ರತಿ ಇನ್ನೂ ತಲುಪಿಲ್ಲ.

ಯಾರೂ ಕೇಳದ ಪ್ರಶ್ನೆ ಬೇರೆಯೇ ಇದೆ: ಸಿನಿಮಾದಲ್ಲಿ ಬಳಸದೆ ಉಳಿದ ಫೂಟೇಜ್ ಯಾರ ಹತ್ತಿರ ಇರುತ್ತದೆ? 20 ನಿಮಿಷದ ಸಿನಿಮಾದ ಹಿಂದೆ ಹತ್ತಾರು ತಾಸಿನ ಮಾತಿರುತ್ತದೆ. ಎರಡು ಹಾರ್ಡ್ ಡಿಸ್ಕ್ ಮಾಡಿ. ಒಂದು ನಿಮ್ಮಲ್ಲಿ, ಒಂದು ಗುರುವಿನ ಮನೆಯಲ್ಲಿ. ಒಪ್ಪಿಗೆಯನ್ನು ಅವರ ದಖ್ಖನಿ ಉರ್ದುವಿನಲ್ಲೋ ಕನ್ನಡದಲ್ಲೋ ರೆಕಾರ್ಡ್ ಮಾಡಿ ಅದೇ ಫೋಲ್ಡರಿನಲ್ಲಿಡಿ: ಮನೆಯೊಳಗಿನ ಪ್ರದರ್ಶನಕ್ಕೆ, ಚಿತ್ರೋತ್ಸವಕ್ಕೆ, ಯೂಟ್ಯೂಬಿಗೆ ಬೇರೆ ಬೇರೆ. ಯೂಟ್ಯೂಬಿಗೆ ಹಾಕಿದ್ದನ್ನು ಆಮೇಲೆ ಅಳಿಸಿದರೂ ಡೌನ್‌ಲೋಡ್ ಆದದ್ದು ವಾಪಸ್ ಬರುವುದಿಲ್ಲ, ಇದನ್ನು ಮೊದಲೇ ಹೇಳಿ. ಗುರು ತೀರಿಕೊಂಡರೆ ಡಿಸ್ಕ್ ಯಾವ ಚೇಲಾಗೆ ಎಂಬುದನ್ನೂ ಅವರ ಬಾಯಿಂದಲೇ ಹೇಳಿಸಿ. ಇಲ್ಲದಿದ್ದರೆ ಎಂದೂ ಬಾರದ ಸಂಬಂಧಿಕರು ಬಂದು ಟ್ರಂಕಿನ ಜೊತೆ ಅದನ್ನೂ ಹೊತ್ತೊಯ್ಯುತ್ತಾರೆ.