ಯಾವ ಆಂಟಿವೈರಸ್ ಹಾಕಿಸ್ಲಿ?

"ಸಾರ್, ಯಾವ ಆಂಟಿವೈರಸ್ ಹಾಕಿಸ್ಲಿ?" ಮೈಸೂರಿನಲ್ಲಿ ನನಗೆ ಪರಿಚಯ ಇರುವವರು ಯಾರೇ ಲ್ಯಾಪ್‌ಟಾಪ್ ತಗೊಂಡರೂ ಮೊದಲು ಕೇಳುವುದು ಇದನ್ನೇ. ಮಗಳನ್ನು ಇಂಜಿನಿಯರಿಂಗ್‌ಗೆ ಸೇರಿಸಿದವರು, ಅಂಗಡಿಯಲ್ಲಿ ಜಿಎಸ್‌ಟಿ ಬಿಲ್ ಹಾಕುವವರು, ರಿಟೈರಾದ ಮೇಷ್ಟ್ರು, ಎಲ್ಲರದ್ದೂ ಒಂದೇ ಚಿಂತೆ. ಹಳೇ ಕಂಪ್ಯೂಟರ್ ನಿಧಾನವಾದಾಗಲೂ ಇದೇ ಪ್ರಶ್ನೆ.

ನನ್ನ ಉತ್ತರ ಇಷ್ಟು: ಹೊಸದು ಯಾವುದೂ ಬೇಡ. ವಿಂಡೋಸ್ ಜೊತೆಗೇ ಬಂದಿರುವ ಡಿಫೆಂಡರ್ ಸಾಕು. ಅದನ್ನು ಆಫ್ ಮಾಡಬೇಡಿ, ಅಷ್ಟೇ. ಆಂಟಿವೈರಸ್‌ಗೆ ಅಂತ ಎತ್ತಿಟ್ಟ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿ ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ತಗೊಳ್ಳಿ.

ಹೀಗಂದರೆ ಅರ್ಧ ಜನ ನಂಬುವುದಿಲ್ಲ. ಪುಕ್ಕಟೆ ಬಂದಿದ್ದು ಕೆಲಸ ಮಾಡುತ್ತಾ ಅಂತ ಅನುಮಾನ. ಒಂದು ಕಾಲಕ್ಕೆ ಆ ಅನುಮಾನ ಸರಿಯಾಗೇ ಇತ್ತು. ವಿಂಡೋಸ್ ಎಕ್ಸ್‌ಪಿ, ವಿಂಡೋಸ್ 7 ಇದ್ದ ಕಾಲದಲ್ಲಿ ಪೂರ್ತಿ ಆಂಟಿವೈರಸ್ ಒಳಗೇ ಬರುತ್ತಿರಲಿಲ್ಲ, ಬೇರೆ ತಂದು ಹಾಕಬೇಕಿತ್ತು. 2012ರಲ್ಲಿ ವಿಂಡೋಸ್ 8 ಬಂದ ಮೇಲೆ ಡಿಫೆಂಡರ್ ಪೂರ್ತಿ ಆಂಟಿವೈರಸ್ ಆಯಿತು. ಶುರುವಿನಲ್ಲಿ ಅಷ್ಟಕ್ಕಷ್ಟೇ ಇತ್ತು. ಈಗ ಜರ್ಮನಿಯ ಎವಿ-ಟೆಸ್ಟ್ ಸಂಸ್ಥೆ ನಡೆಸುವ ಪರೀಕ್ಷೆಗಳಲ್ಲಿ ಅದು ದುಡ್ಡು ಕೊಟ್ಟು ತರುವ ಆಂಟಿವೈರಸ್‌ಗಳ ಸಾಲಿನಲ್ಲೇ ನಿಲ್ಲುತ್ತದೆ. ಮನೆಗೆ, ಸಣ್ಣ ಅಂಗಡಿಗೆ ಅದಕ್ಕಿಂತ ಜಾಸ್ತಿ ಏನು ಬೇಕು?

ಸ್ಟಾರ್ಟ್ ಒತ್ತಿ, ವಿಂಡೋಸ್ ಸೆಕ್ಯುರಿಟಿ ಅಂತ ಟೈಪ್ ಮಾಡಿ ತೆರೆದು ನೋಡಿ. ಎಲ್ಲ ಕಡೆ ಹಸಿರು ಟಿಕ್ ಇದ್ದರೆ ಡಿಫೆಂಡರ್ ಎಚ್ಚರವಾಗಿದೆ ಅಂತ ಅರ್ಥ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಕಂಪನಿಯವರೇ ಯಾವುದೋ ಆಂಟಿವೈರಸ್‌ನ ಟ್ರಯಲ್ ಹಾಕಿ ಕಳಿಸಿರುತ್ತಾರೆ. ಅದು ಇರುವಷ್ಟು ದಿನ ಡಿಫೆಂಡರ್ ಪಕ್ಕಕ್ಕೆ ಸರಿದಿರುತ್ತದೆ. ಟ್ರಯಲ್ ಮುಗಿದ ಮೇಲೆ "ರಿನ್ಯೂ ಮಾಡಿ, ರಿನ್ಯೂ ಮಾಡಿ" ಅಂತ ದಿನಾ ಕಾಟ. ಅದನ್ನು ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಕೊಡಿ. ಡಿಫೆಂಡರ್ ತಾನಾಗಿ ಬಂದು ಕೂರುತ್ತದೆ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ನಾನು ನೋಡಿರುವ ವೈರಸ್ ಪ್ರಕರಣಗಳಲ್ಲಿ ಆಂಟಿವೈರಸ್ ಸೋತಿದ್ದು ಕಡಿಮೆ. ಮುಂದೆ ಕೂತವರೇ ಅದನ್ನು ಆಫ್ ಮಾಡಿದ್ದೇ ಜಾಸ್ತಿ.

ಮಂಡ್ಯದಲ್ಲಿ ಡಿಟಿಪಿ ಅಂಗಡಿ ಇಟ್ಟಿರುವ ಗೆಳೆಯ ಒಬ್ಬನಿದ್ದಾನೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ತಿಥಿ ಕಾರ್ಡು, ಫ್ಲೆಕ್ಸು, ಎಲ್ಲ ಅವನದೇ ಡಿಸೈನು. ಒಂದು ದಿನ ಫೋನ್ ಮಾಡಿ, "ಯಾವ ಫೈಲೂ ಓಪನ್ ಆಗ್ತಿಲ್ಲ ಕಣೋ, ಹೆಸರೆಲ್ಲ ಏನೋ ಆಗ್ಬಿಟ್ಟಿದೆ" ಅಂದ. ಹೋಗಿ ನೋಡಿದೆ. ಪ್ರತಿ ಫೈಲಿನ ಹೆಸರಿನ ಕೊನೆಗೆ ಅರ್ಥವಿಲ್ಲದ ನಾಲ್ಕು ಇಂಗ್ಲಿಷ್ ಅಕ್ಷರ ಅಂಟಿಕೊಂಡಿದ್ದವು. ಫೋಟೋ ಕಾಣಬೇಕಾದ ಕಡೆ ಖಾಲಿ ಬಿಳಿ ಐಕಾನ್. ಪ್ರತಿ ಫೋಲ್ಡರಿನಲ್ಲೂ ರೀಡ್‌ಮಿ ಅನ್ನುವ ಹೆಸರಿನ ಒಂದು ಚೀಟಿ. ಅದರಲ್ಲಿ: ಫೈಲು ವಾಪಸ್ ಬೇಕಾದರೆ 980 ಡಾಲರ್ ಕೊಡಿ, 72 ಗಂಟೆಯೊಳಗೆ ಸಂಪರ್ಕಿಸಿದರೆ ಅರ್ಧ ಬೆಲೆ, 490 ಡಾಲರ್.

ಇದು ಸ್ಟಾಪ್ ಅಥವಾ ಡಿಜೆವಿಯು ಅಂತ ಕರೆಯುವ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ್‍ಯಾನ್ಸಮ್‌ವೇರ್. ದೊಡ್ಡ ಕಂಪನಿಗಳ ಗೋಜಿಗೆ ಹೋಗುವುದಿಲ್ಲ, ನಮ್ಮನಿಮ್ಮಂಥವರ ಕಂಪ್ಯೂಟರಿಗೇ ಬರುತ್ತದೆ. ಬರುವುದು ಹೆಚ್ಚಾಗಿ, ದುಡ್ಡು ಕೊಡದೆ ಓಡಿಸಲು ಲೈಸೆನ್ಸ್ ಮುರಿದ ಕ್ರ್ಯಾಕ್ ಸಾಫ್ಟ್‌ವೇರ್ ಜೊತೆ. ಅವನೂ ಒಂದು ಡಿಸೈನ್ ಸಾಫ್ಟ್‌ವೇರಿನ ಕ್ರ್ಯಾಕ್ ಇಳಿಸಿಕೊಂಡಿದ್ದ. ವಿಂಡೋಸ್ ಸೆಕ್ಯುರಿಟಿಯ ಒಳಗೆ ಪ್ರೊಟೆಕ್ಷನ್ ಹಿಸ್ಟರಿ ಅಂತ ಒಂದು ಜಾಗ ಇದೆ. ಅದನ್ನು ತೆರೆದರೆ ಎಲ್ಲ ದಾಖಲೆ ಅಲ್ಲೇ ಇತ್ತು. ಡಿಫೆಂಡರ್ ಆ ಫೈಲನ್ನು ಹಿಡಿದು ಕೆಂಪು ಗುರುತು ಹಾಕಿತ್ತು. ಅದರ ಕೆಳಗೆ: ಬಳಕೆದಾರರು ಅನುಮತಿ ಕೊಟ್ಟಿದ್ದಾರೆ. ಕ್ರ್ಯಾಕ್ ಜೊತೆ ಬಂದ ಸೂಚನೆಯ ಮೊದಲ ಸಾಲೇ "ಆಂಟಿವೈರಸ್ ಆಫ್ ಮಾಡಿ, ಆಮೇಲೆ ರನ್ ಮಾಡಿ" ಅಂತ ಇತ್ತಂತೆ. ವಾಚ್‌ಮನ್‌ನ ಮನೆಗೆ ಕಳಿಸಿ ಆಮೇಲೆ ಬಾಗಿಲು ತೆಗಿ ಅಂದ ಹಾಗೆ.

ಫೈಲು ವಾಪಸ್ ಬರುತ್ತಾ ಅನ್ನುವುದು ಕೀ, ಅಂದರೆ ಬೀಗ ಹಾಕಲು ಬಳಸಿದ ಗುಟ್ಟಿನ ಸಂಕೇತದ ಮೇಲೆ ನಿಂತಿದೆ. ವೈರಸ್ ಕೆಲಸ ಶುರು ಮಾಡಿದಾಗ ಅದಕ್ಕೆ ಇಂಟರ್‌ನೆಟ್ಟಿನಲ್ಲಿ ತನ್ನ ಸರ್ವರ್ ಸಿಕ್ಕಿದರೆ, ನಿಮ್ಮ ಒಂದು ಕಂಪ್ಯೂಟರಿಗೆ ಅಂತಲೇ ಬೇರೆ ಕೀ ತರುತ್ತದೆ. ಸಿಗದಿದ್ದರೆ ತನ್ನೊಳಗೇ ಇರುವ ಸಾಮಾನ್ಯ ಕೀ ಬಳಸುತ್ತದೆ. ಆ ಸಾಮಾನ್ಯ ಕೀಯಿಂದ ಮುಚ್ಚಿದ ಫೈಲುಗಳನ್ನು ಕೆಲವೊಮ್ಮೆ ಬಿಡಿಸಬಹುದು. ಇದಕ್ಕೆ ಎಮ್ಸಿಸಾಫ್ಟ್ ಕಂಪನಿ 2019ರಲ್ಲಿ ಉಚಿತ ಸಾಧನ ಬಿಟ್ಟಿದೆ. ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್ ಮತ್ತಿತರರು 2016ರಲ್ಲಿ ಶುರು ಮಾಡಿದ ನೋ ಮೋರ್ ರ್‍ಯಾನ್ಸಮ್ ವೆಬ್‌ಸೈಟಿನಲ್ಲಿ ಇಂಥ ಸಾಧನಗಳೆಲ್ಲ ಸಿಗುತ್ತವೆ. ದುಡ್ಡು ಕೊಡುವ ಯೋಚನೆ ಮಾಡುವ ಮೊದಲು ಅಲ್ಲಿ ನೋಡಿ. ದುಡ್ಡು ಕೊಟ್ಟ ಮೇಲೂ ಫೈಲು ಬರುತ್ತದೆ ಅನ್ನುವ ಖಾತ್ರಿ ಇಲ್ಲ. ನನ್ನ ಗೆಳೆಯನಿಗೆ ಆ ಸಾಧನದಿಂದ ಏನೂ ಸಿಗಲಿಲ್ಲ. ಪ್ರೂಫ್ ನೋಡಲಿ ಅಂತ ಗಿರಾಕಿಗಳಿಗೆ ವಾಟ್ಸಾಪ್‌ನಲ್ಲಿ ಕಳಿಸಿದ್ದ ಚಿತ್ರಗಳಷ್ಟೇ ಉಳಿದವು. ಮಿಕ್ಕಿದ್ದೆಲ್ಲ ಮತ್ತೆ ಟೈಪ್ ಮಾಡಿದ. ನೋಡಿ ಹೊಟ್ಟೆ ಉರಿಯಿತು.

ಹಾರ್ಡ್‌ಡಿಸ್ಕ್ ತಗೊಳ್ಳಿ ಅಂತ ಹಟ ಹಿಡಿಯುವುದು ಇದಕ್ಕೇ. ವಾರಕ್ಕೊಮ್ಮೆ ಮುಖ್ಯವಾದ ಫೋಲ್ಡರುಗಳನ್ನು ಅದಕ್ಕೆ ಕಾಪಿ ಮಾಡಿ. ಕಾಪಿ ಆದ ಕೂಡಲೇ ಕೇಬಲ್ ಬಿಚ್ಚಿ ಬೀರುವಿನಲ್ಲಿಡಿ. ಬಿಚ್ಚುವುದೇ ಇಲ್ಲಿ ಮುಖ್ಯ. ಸಿಕ್ಕಿಸಿಕೊಂಡೇ ಇದ್ದರೆ ರ್‍ಯಾನ್ಸಮ್‌ವೇರ್ ಅದನ್ನೂ ಬಿಡುವುದಿಲ್ಲ. ಫೈಲುಗಳನ್ನು ಇಂಟರ್‌ನೆಟ್ಟಿನಲ್ಲಿ ಇಡುವ ಮೈಕ್ರೋಸಾಫ್ಟ್‌ನ ಒನ್‌ಡ್ರೈವ್ ಇದೆಯಲ್ಲ ಅಂತ ಕೆಲವರು ಹೇಳುತ್ತಾರೆ. ಇರಲಿ, ಒಳ್ಳೆಯದೇ. ಆದರೆ ಪುಕ್ಕಟೆ ಸಿಗುವುದು 5 ಜಿಬಿ, ಒಂದು ಮದುವೆಯ ಫೋಟೋಗೂ ಸಾಲದು. ಜೊತೆಗೆ ಕಂಪ್ಯೂಟರಿನಲ್ಲಿ ಫೈಲು ಹಾಳಾದರೆ ಹಾಳಾದದ್ದೇ ಅಲ್ಲಿಗೂ ಹೋಗಿ ಕೂರುತ್ತದೆ. ಹಳೇ ಪ್ರತಿ ಹುಡುಕಿ ತೆಗೆಯುವ ದಾರಿ ಇದೆ, ಅದನ್ನೇ ನಂಬಿಕೊಂಡು ಕೂರುವುದು ಬೇಡ.

ಕ್ರ್ಯಾಕ್ ವಿಷಯದಲ್ಲಿ ಇನ್ನೊಂದು ಮಾತು. ಅಸೆಂಬಲ್ಡ್ ಕಂಪ್ಯೂಟರ್ ತಗೊಂಡವರಲ್ಲಿ ಎಷ್ಟೋ ಜನರಿಗೆ ತಮ್ಮ ವಿಂಡೋಸು, ಆಫೀಸು ಕ್ರ್ಯಾಕ್ ಅಂತಲೇ ಗೊತ್ತಿರುವುದಿಲ್ಲ. ಅಂಗಡಿಯವರು "ಎಲ್ಲ ಹಾಕಿಕೊಟ್ಟಿದೀವಿ" ಅಂದಿರುತ್ತಾರೆ. ಹಾಗೆ ಕ್ರ್ಯಾಕ್ ಮಾಡಲು ಬಳಸುವ ಆಕ್ಟಿವೇಟರ್‌ಗಳಲ್ಲಿ ಕೆಲವು, ಡಿಫೆಂಡರ್ ಕಣ್ಣಿಗೆ ಬೀಳದಂತೆ ಕೆಲವು ಫೋಲ್ಡರುಗಳನ್ನು ಸದ್ದಿಲ್ಲದೆ ಸ್ಕ್ಯಾನ್‌ನಿಂದ ಹೊರಗಿಡುತ್ತವೆ. ವಿಂಡೋಸ್ ಸೆಕ್ಯುರಿಟಿಯಲ್ಲಿ ವೈರಸ್ ಆಂಡ್ ಥ್ರೆಟ್ ಪ್ರೊಟೆಕ್ಷನ್, ಅದರ ಸೆಟ್ಟಿಂಗ್ಸ್, ಅದರಲ್ಲಿ ಕೊನೆಗೆ ಎಕ್ಸ್‌ಕ್ಲೂಷನ್ಸ್ ಅನ್ನುವ ಪಟ್ಟಿ ನೋಡಿ. ನೀವೇ ಏನೂ ಸೇರಿಸಿಲ್ಲ ಅಂದರೆ ಆ ಪಟ್ಟಿ ಖಾಲಿ ಇರಬೇಕು. ಇಡೀ ಸಿ ಡ್ರೈವ್ ಅಲ್ಲಿ ಕಂಡರೆ, ಹೊರಗೆ ಎಷ್ಟು ಹಸಿರು ಟಿಕ್ ಇದ್ದರೂ ಪ್ರಯೋಜನ ಇಲ್ಲ. ತೆಗೆದುಹಾಕಿ, ಆಮೇಲೆ ಫುಲ್ ಸ್ಕ್ಯಾನ್ ಕೊಡಿ.

ದುಡ್ಡಿಲ್ಲದೆ ಕ್ರ್ಯಾಕ್ ಹಾಕಿದ್ವಿ ಅನ್ನುವವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಉಚಿತವಾಗಿಯೇ ಸಿಗುವ ಒಳ್ಳೆಯ ಸಾಫ್ಟ್‌ವೇರ್ ಬೇಕಾದಷ್ಟಿದೆ. ಪತ್ರ, ಲೆಕ್ಕದ ಹಾಳೆಗೆ ಲಿಬ್ರೆಆಫೀಸ್. ಡಿಸೈನಿಗೆ ಇಂಕ್‌ಸ್ಕೇಪ್, ಫೋಟೋ ತಿದ್ದಲು ಗಿಂಪ್. ವಿಡಿಯೋಗೆ ವಿಎಲ್‌ಸಿ. ಜಿಪ್ ಫೈಲಿಗೆ ಸೆವೆನ್-ಜಿಪ್. ಪಿಡಿಎಫ್ ಓದಲು ಸುಮಾತ್ರಾ, ಹಳೇ ಕಂಪ್ಯೂಟರಿನಲ್ಲೂ ಪಟ್ಟನೆ ತೆರೆಯುತ್ತದೆ. ಕನ್ನಡ ಟೈಪಿಂಗಿಗೆ ನುಡಿ ಬೇಕಾದರೆ ಕನ್ನಡ ಗಣಕ ಪರಿಷತ್ತಿನ ವೆಬ್‌ಸೈಟಿನಿಂದಲೇ ತಗೊಳ್ಳಿ. ಅದೂ ಬೇಡ ಅಂದರೆ, 2019ರ ಮೇ ಅಪ್‌ಡೇಟ್ ಆದಾಗಿನಿಂದ ವಿಂಡೋಸ್ ಒಳಗೇ ಕನ್ನಡದ ಫೋನೆಟಿಕ್ ಕೀಬೋರ್ಡ್ ಇದೆ, ಭಾಷೆಯ ಸೆಟ್ಟಿಂಗಿನಲ್ಲಿ ಕನ್ನಡ ಸೇರಿಸಿಕೊಂಡರೆ ಆಯಿತು.

ಎಲ್ಲಿಂದ ಇಳಿಸಿಕೊಳ್ಳುತ್ತೀರಿ ಅನ್ನುವುದು ತುಂಬ ಮುಖ್ಯ. ಗೂಗಲ್‌ನಲ್ಲಿ ಹುಡುಕಿದಾಗ ಮೇಲೆ ಬರುವುದು ಎಷ್ಟೋ ಸಲ ಜಾಹೀರಾತು. ದೊಡ್ಡ ಹಸಿರು ಡೌನ್‌ಲೋಡ್ ಬಟನ್ ಇದ್ದ ಕಡೆ ಅಸಲಿ ಲಿಂಕ್ ಬೇರೆಲ್ಲೋ ಸಣ್ಣಕ್ಷರದಲ್ಲಿರುತ್ತದೆ. ಸೆವೆನ್-ಜಿಪ್‌ನ ಅಸಲಿ ವಿಳಾಸ ಡಾಟ್ ಆರ್ಗ್ ಅಂತ ಮುಗಿಯುತ್ತದೆ, ಡಾಟ್ ಕಾಮ್ ಅಲ್ಲ. ವಿಎಲ್‌ಸಿ, ಫೈರ್‌ಫಾಕ್ಸ್ ಥರದವು ಮೈಕ್ರೋಸಾಫ್ಟ್ ಸ್ಟೋರಿನಲ್ಲೂ ಇವೆ. ಗೊಂದಲ ಅನ್ನಿಸಿದರೆ ಅಲ್ಲಿಂದ ಹಾಕಿಕೊಳ್ಳಿ. ಕಂಪ್ಯೂಟರ್ ಸ್ಪೀಡ್ ಮಾಡುತ್ತೇವೆ ಅನ್ನುವ ಕ್ಲೀನರ್‌ಗಳು ಮಾತ್ರ ಸುಮ್ನೆ. 2017ರಲ್ಲಿ ಸಿಕ್ಲೀನರ್‌ನ ಅಧಿಕೃತ ಆವೃತ್ತಿಯ ಒಳಗೇ ಕಳ್ಳರು ತಮ್ಮ ಪ್ರೋಗ್ರಾಂ ಸೇರಿಸಿಬಿಟ್ಟಿದ್ದರು. ಬೇಡದ ಫೈಲು ತೆಗೆಯಲು ವಿಂಡೋಸ್‌ನ ಸ್ಟೋರೇಜ್ ಸೆನ್ಸ್ ಸಾಕು.

ಪೆನ್‌ಡ್ರೈವ್ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿಕೊಂಡು ಬಂದ ಮೇಲೆ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿದ್ದರೆ ಅದನ್ನು ಒತ್ತಬೇಡಿ. ಒತ್ತಿದರೇನೇ ವೈರಸ್ ಓಡುವುದು. ನಿಮ್ಮ ಫೈಲುಗಳು ಅಲ್ಲೇ ಎಲ್ಲೋ ಅಡಗಿರುತ್ತವೆ, ಮೊದಲು ಸ್ಕ್ಯಾನ್ ಮಾಡಿ. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಅನ್ನುವುದನ್ನು ಇವತ್ತೇ ಟಿಕ್ ಮಾಡಿಡಿ. ಆಗ ಪಿಡಿಎಫ್ ಅಂತ ಕಾಣುವ ಬಿಲ್ಲಿನ ಹೆಸರಿನ ಕೊನೆಗೆ ಇಎಕ್ಸ್‌ಇ ಅಂತಿದ್ದರೆ, ಅಂದರೆ ಅದು ಬಿಲ್ಲಲ್ಲ ಪ್ರೋಗ್ರಾಂ ಆಗಿದ್ದರೆ, ಕಣ್ಣಿಗೆ ಬೀಳುತ್ತದೆ.

ಅಪ್‌ಡೇಟ್ ಬಂದಾಗ ಮುಂದೂಡಬೇಡಿ. 2017ರ ಮೇ 12ರಂದು ವನ್ನಾಕ್ರೈ ಅನ್ನುವ ರ್‍ಯಾನ್ಸಮ್‌ವೇರ್ ಜಗತ್ತನ್ನೆಲ್ಲ ಅಲ್ಲಾಡಿಸಿತಲ್ಲ, ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಕೊಟ್ಟಿತ್ತು. ಹಾಕಿಕೊಂಡವರು ಬಚಾವ್. ವಿಂಡೋಸ್ 10ಕ್ಕೆ ಈ ಅಪ್‌ಡೇಟುಗಳು 2025ರ ಅಕ್ಟೋಬರ್ 14ಕ್ಕೆ ನಿಂತವು. ಬೇಕು ಅಂತ ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಒಂದು ವರ್ಷ ಹೆಚ್ಚು ಕೊಟ್ಟರು. ಡಿಫೆಂಡರ್‌ಗೆ ವೈರಸ್ ಪಟ್ಟಿ ಮಾತ್ರ 2028ರವರೆಗೂ ಬರುತ್ತದೆ. ಆದರೆ ವಿಂಡೋಸ್‌ನಲ್ಲೇ ಹೊಸ ಕಿಂಡಿ ಕಂಡರೆ ಆ ಪಟ್ಟಿ ಅದನ್ನು ಮುಚ್ಚುವುದಿಲ್ಲ. ವಿಂಡೋಸ್ 11 ಹಿಡಿಸದ ಹಳೇ ಯಂತ್ರ ಇದ್ದರೆ ಅದರಲ್ಲಿ ಬ್ಯಾಂಕ್ ಕೆಲಸ ಮಾಡಬೇಡಿ ಅಂತಲೇ ನಾನು ಹೇಳುವುದು.

ಕೊನೆಯದು, ವೈರಸ್ಸೇ ಇಲ್ಲದೆ ದುಡ್ಡು ಹೋಗುವ ಸಂಗತಿ. ಕುವೆಂಪುನಗರದಲ್ಲಿ ನಮ್ಮ ಪಕ್ಕದ ಮನೆ ಆಂಟಿಯ ಲ್ಯಾಪ್‌ಟಾಪಿನಲ್ಲಿ ಬಲಗಡೆ ಕೆಳಗೆ ಪದೇ ಪದೇ ಕೆಂಪು ಚೀಟಿ ಏಳುತ್ತಿತ್ತು: ನಿಮ್ಮ ಕಂಪ್ಯೂಟರಿನಲ್ಲಿ ವೈರಸ್ ಇದೆ, ತಕ್ಷಣ ಇಲ್ಲಿ ಒತ್ತಿ. ಅವರು ಹೆದರಿ ಕಂಪ್ಯೂಟರ್ ಆನ್ ಮಾಡುವುದನ್ನೇ ಬಿಟ್ಟಿದ್ದರು. ಹತ್ತಿರ ಹೋಗಿ ನೋಡಿದರೆ ಆ ಚೀಟಿಯಲ್ಲಿ ಸಣ್ಣದಾಗಿ ಗೂಗಲ್ ಕ್ರೋಮ್ ಅಂತ, ಪಕ್ಕದಲ್ಲಿ ಯಾವುದೋ ಸೀರಿಯಲ್ ವೆಬ್‌ಸೈಟಿನ ಹೆಸರು. ಎಂದೋ ಆ ಸೈಟು ನೋಟಿಫಿಕೇಶನ್ ಕಳಿಸಲಾ ಅಂತ ಕೇಳಿದ್ದಕ್ಕೆ ಅಲೋ ಒತ್ತಿದ್ದರು. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್‌ಗೆ ಹೋಗಿ ಆ ಹೆಸರು ತೆಗೆದೆ. ಚೀಟಿ ನಿಂತಿತು. ವೈರಸ್ ಇರಲೇ ಇಲ್ಲ.

ಇದೇ ಚೀಟಿ ಕೆಲವರಿಗೆ ಫೋನ್ ನಂಬರ್ ತೋರಿಸುತ್ತದೆ. ಮೈಕ್ರೋಸಾಫ್ಟ್‌ನ ಅಸಲಿ ಎಚ್ಚರಿಕೆಯಲ್ಲಿ ಯಾವತ್ತೂ ಫೋನ್ ನಂಬರ್ ಇರುವುದಿಲ್ಲ. ಆ ನಂಬರಿಗೆ ಕರೆ ಮಾಡಿದರೆ ತುಂಬ ಮರ್ಯಾದೆಯಿಂದ ಮಾತಾಡಿ ದೂರದಿಂದಲೇ ಕಂಪ್ಯೂಟರ್ ನಡೆಸಲು ಬಿಡುವ ಎನಿಡೆಸ್ಕ್ ಥರದ್ದನ್ನು ಹಾಕಿಸುತ್ತಾರೆ. ಅದು ಒಳ್ಳೆಯ ಸಾಫ್ಟ್‌ವೇರೇ, ನಾನೂ ಬಳಸುತ್ತೇನೆ. ಹಾಗಾಗಿ ಆಂಟಿವೈರಸ್ ಅದನ್ನು ತಡೆಯಬೇಕಿಲ್ಲ. ಆದರೆ ಆ ಕಡೆ ಕೂತವನಿಗೆ ನಿಮ್ಮ ಪರದೆ ಪೂರ್ತಿ ಕಾಣುತ್ತದೆ, ಮೌಸೂ ಅವನ ಕೈಯಲ್ಲಿ. ಹಾಗಾಗಿಬಿಟ್ಟರೆ ಮೊದಲು ವೈಫೈ ಆಫ್ ಮಾಡಿ. ದುಡ್ಡು ಹೋಗಿದ್ದರೆ ಕಾಯದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಆಮೇಲೆ ಬ್ಯಾಂಕಿಗೆ. ಬೇಗ ಹೇಳಿದಷ್ಟೂ ಆ ದುಡ್ಡನ್ನು ಮುಂದಕ್ಕೆ ಹೋಗದಂತೆ ತಡೆಯುವ ಅವಕಾಶ ಜಾಸ್ತಿ. ಪಾಸ್‌ವರ್ಡುಗಳನ್ನು ಬೇರೆ ಕಂಪ್ಯೂಟರಿನಿಂದ ಇಲ್ಲವೇ ಮೊಬೈಲಿನಿಂದ ಬದಲಾಯಿಸಿ. ಆ ಲ್ಯಾಪ್‌ಟಾಪಿನಿಂದ ಅವರು ಹಾಕಿಸಿದ್ದನ್ನು ತೆಗೆದು ಸ್ಕ್ಯಾನ್ ಮುಗಿಸುವವರೆಗೆ ಅದರಲ್ಲಿ ಲಾಗಿನ್ ಆಗಬೇಡಿ.