ಒಳ್ಳೆಯ ಫೋಟೋ ಬಿಡಿ, ಕೆಟ್ಟವು ಎಷ್ಟು ಬರುತ್ತವೆ ನೋಡಿ

ಮಧ್ಯಮ ಬೆಲೆಯ ಕ್ಯಾಮೆರಾ ಫೋನ್‌ಗಳ ಲೆಕ್ಕ ಸರಳ. ಈ ಬೆಲೆಗೆ ಫೋನ್ ಮಾಡಲು ಕಂಪನಿಯ ಕೈಯಲ್ಲಿರುವ ದುಡ್ಡು ಇಷ್ಟೇ. ಕ್ಯಾಮೆರಾಕ್ಕೆ ಜಾಸ್ತಿ ಹಾಕಿದರೆ ಬೇರೆ ಎಲ್ಲಿಂದಲೋ ತೆಗೆಯಲೇಬೇಕು. ಎಲ್ಲಿಂದ ತೆಗೆದಿದ್ದಾರೆ ಅನ್ನುವುದು ಜಾಹೀರಾತಿನಲ್ಲಿ ಇರುವುದಿಲ್ಲ, ಬಳಸುತ್ತಾ ಬಳಸುತ್ತಾ ನಮಗೇ ಗೊತ್ತಾಗುತ್ತದೆ. ನಾನು ಈಗ ಬಳಸುತ್ತಿರುವುದೂ ಅಂಥದ್ದೇ ಒಂದು ಫೋನ್. ಹೆಸರು ಹೇಳುವುದಿಲ್ಲ. ಹೆಸರು ಹೇಳಿದ ತಕ್ಷಣ ಮಾತು ಆ ಕಂಪನಿ ಒಳ್ಳೆಯದಾ ಈ ಕಂಪನಿ ಒಳ್ಳೆಯದಾ ಅನ್ನುವ ಕಡೆಗೆ ತಿರುಗಿಬಿಡುತ್ತದೆ, ನಾನು ಹೇಳಬೇಕು ಅಂದುಕೊಂಡಿರುವುದು ಈ ಬೆಲೆಯ ಹೆಚ್ಚುಕಡಿಮೆ ಎಲ್ಲ ಫೋನ್‌ಗಳಿಗೂ ಹೊಂದುತ್ತದೆ.

ರಿವ್ಯೂಗಳಲ್ಲಿ ತೋರಿಸುವುದು ಆ ಫೋನ್ ತೆಗೆದ ಒಳ್ಳೆಯ ಫೋಟೋಗಳನ್ನು. ಬಿಸಿಲಲ್ಲಿ ಒಂದು ಹೂವು, ಸಂಜೆಯ ಆಕಾಶ, ಕದಲದೆ ಕೂತ ಒಬ್ಬ ಮನುಷ್ಯ. ಇಂಥ ಫೋಟೋ ಈಗ ಯಾವ ಫೋನ್ ಬೇಕಾದರೂ ಚೆನ್ನಾಗಿ ತೆಗೆಯುತ್ತದೆ. ದಿನಬಳಕೆಗೆ ಬೇಕಿರುವ ಪ್ರಶ್ನೆ ಬೇರೆ: ಹಾಳಾಗಿ ಬರುವ ಫೋಟೋ ಎಷ್ಟು? ಇದನ್ನು ತಿಳಿಯಲು ನಿಮ್ಮ ಗ್ಯಾಲರಿಯನ್ನೇ ತೆರೆದು ನೋಡಿ. ಒಂದೇ ದೃಶ್ಯಕ್ಕೆ ಮೂರು ನಾಲ್ಕು ಸಲ ಬಟನ್ ಒತ್ತಿದ್ದೀರಾ? ಹಾಗಿದ್ದರೆ ನಿಮಗೆ ಆ ಫೋನಿನ ಮೇಲೆ ನಂಬಿಕೆ ಇಲ್ಲ ಅಂತಲೇ ಅರ್ಥ. ಒಂದು ಒತ್ತಿ, ಜೇಬಿಗೆ ಹಾಕಿ, ಆಮೇಲೆ ನೋಡೋಣ ಅಂತ ಹೊರಡುವ ಧೈರ್ಯ ಕೊಡುವ ಫೋನ್ ಸಿಕ್ಕರೆ ಅದು ನಿಜವಾದ ಕ್ಯಾಮೆರಾ ಫೋನ್.

ಫೋಟೋ ಹಾಳಾಗುವುದು ಹೆಚ್ಚಾಗಿ ಮನೆಯೊಳಗೆ, ಸಂಜೆ ಮೇಲೆ, ಎದುರಿಗಿರುವವರು ಅಲ್ಲಾಡುವಾಗ. ಬೆಳಕು ಕಡಿಮೆ ಇದ್ದರೆ ಫೋನ್ ಶಟರನ್ನು ಜಾಸ್ತಿ ಹೊತ್ತು ತೆರೆದಿಡುತ್ತದೆ, ಸೆಕೆಂಡಿನ ಇಪ್ಪತ್ತೈದನೇ ಭಾಗ, ಮೂವತ್ತನೇ ಭಾಗ ಅಂತೆಲ್ಲ. ಅಷ್ಟರಲ್ಲಿ ಮಗು ತಲೆ ತಿರುಗಿಸಿರುತ್ತದೆ. ಓಐಎಸ್ ಇದೆಯಲ್ಲ ಅಂತ ನೀವು ಕೇಳಬಹುದು. ಓಐಎಸ್ ಲೆನ್ಸನ್ನು ಕೊಂಚ ಕೊಂಚ ಜರುಗಿಸಿ ನಿಮ್ಮ ಕೈನಡುಕವನ್ನು ಸರಿ ಮಾಡುತ್ತದೆ ಅಷ್ಟೇ. ಮಗುವನ್ನು ಸುಮ್ಮನೆ ಕೂರಿಸುವ ಶಕ್ತಿ ಅದಕ್ಕಿಲ್ಲ. ನೈಟ್ ಮೋಡ್ ಹಾಕಿದರೆ ಇನ್ನೂ ಕಷ್ಟ, ಯಾಕೆಂದರೆ ಅದು ಹಲವು ಫ್ರೇಮ್‌ಗಳನ್ನು ತೆಗೆದು ಒಂದರ ಮೇಲೊಂದು ಜೋಡಿಸುತ್ತದೆ, ಆ ಫ್ರೇಮ್‌ಗಳ ನಡುವೆ ಕದಲಿದ್ದೆಲ್ಲ ಒಂದೋ ಮಸುಕಾಗುತ್ತದೆ, ಇಲ್ಲವೇ ನೆರಳಿನ ಹಾಗೆ ಎರಡೆರಡು ಕಾಣುತ್ತದೆ.

ಕೆಲವು ಫೋನ್‌ಗಳು ಇಂಥ ಕಡೆ ಜಾಣತನ ತೋರಿಸುತ್ತವೆ. ಎದುರಿಗಿರುವುದು ಅಲ್ಲಾಡುತ್ತಿದೆ ಅಂತ ಗೊತ್ತಾದರೆ ಶಟರ್ ವೇಗ ಹೆಚ್ಚಿಸಿ, ಸ್ವಲ್ಪ ನಾಯ್ಸ್ (ಮರಳು ಚೆಲ್ಲಿದಂಥ ಚುಕ್ಕೆಗಳು) ಬಂದರೂ ಪರವಾಗಿಲ್ಲ ಅಂತ ಮುಖ ಸ್ಪಷ್ಟವಾಗಿ ತೆಗೆಯುತ್ತವೆ. ನನ್ನ ಫೋನ್ ಇದಕ್ಕೆ ತದ್ವಿರುದ್ಧ. ಗೋಡೆ, ಕುರ್ಚಿ, ಪರದೆ ಎಲ್ಲ ನುಣುಪಾಗಿ ಬರುತ್ತವೆ, ಮನುಷ್ಯರು ಮಾತ್ರ ಮಸುಕು! ನಿಮ್ಮ ಫೋನ್ ಏನು ಮಾಡುತ್ತದೆ ಅಂತ ನೋಡುವುದು ಕಷ್ಟವಲ್ಲ. ಮಾಮೂಲಿ ಬೆಳಕಿರುವ ಕೋಣೆಯಲ್ಲಿ ಯಾರನ್ನಾದರೂ ನಡೆದಾಡಲು ಹೇಳಿ ಫೋಟೋ ತೆಗೆಯಿರಿ. ಆಮೇಲೆ ಗ್ಯಾಲರಿಯಲ್ಲಿ ಆ ಫೋಟೋದ ವಿವರ ತೆರೆಯಿರಿ, ಅಲ್ಲಿ ಶಟರ್ ವೇಗ ಬರೆದಿರುತ್ತದೆ. 1/100 ಅಥವಾ ಅದಕ್ಕಿಂತ ವೇಗ ಇದ್ದರೆ ಪರವಾಗಿಲ್ಲ. 1/25 ಅಂತ ಕಂಡರೆ ಆ ಫೋನಿನಿಂದ ಮಕ್ಕಳ ಫೋಟೋ, ನಾಯಿಮರಿಯ ಫೋಟೋ ಎಲ್ಲ ಅದೃಷ್ಟಕ್ಕೆ ಬಿಟ್ಟಿದ್ದು.

ಈ ವಿಷಯದಲ್ಲಿ ಮೆಗಾಪಿಕ್ಸೆಲ್ ಲೆಕ್ಕ ಕೆಲಸಕ್ಕೆ ಬರುವುದಿಲ್ಲ. 200 ಮೆಗಾಪಿಕ್ಸೆಲ್ ಅಂತ ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುತ್ತಾರೆ. ಆ ಸೆನ್ಸರ್‌ಗಳಲ್ಲಿ (ಲೆನ್ಸಿನ ಹಿಂದೆ ಬೆಳಕು ಹಿಡಿಯುವ ಚಿಪ್) ಒಂದೊಂದು ಪಿಕ್ಸೆಲ್ಲೂ ಎಷ್ಟು ಚಿಕ್ಕದು ಅಂದರೆ, ಹದಿನಾರನ್ನು ಸೇರಿಸಿ ಒಂದು ಮಾಡಿ ಸಾಮಾನ್ಯವಾಗಿ 12.5 ಮೆಗಾಪಿಕ್ಸೆಲ್ ಫೋಟೋ ಕೊಡುತ್ತವೆ. 50 ಮೆಗಾಪಿಕ್ಸೆಲ್ ಸೆನ್ಸರ್ ನಾಲ್ಕನ್ನು ಸೇರಿಸಿ ಒಂದು ಮಾಡುತ್ತದೆ. ಆಗಲೂ ಸಿಗುವುದು 12.5. ಕೊನೆಗೆ ಎರಡೂ ಒಂದೇ ಅಳತೆ! ಪೂರ್ತಿ 200 ಬೇಕು ಅಂದರೆ ಬೇರೆ ಮೋಡ್‌ಗೆ ಹೋಗಬೇಕು, ಬೆಳಕು ಚೆನ್ನಾಗಿರಬೇಕು, ಫೈಲ್ ಹತ್ತಾರು ಎಂಬಿ ಆಗುತ್ತದೆ. ಗೋಡೆಗೆ ತೂಗುಹಾಕುವಷ್ಟು ದೊಡ್ಡ ಪ್ರಿಂಟ್ ಹಾಕಿಸುವವರಿಗೆ ಸರಿ, ಉಳಿದವರಿಗೆ ಅದರ ನೆನಪೂ ಆಗುವುದಿಲ್ಲ.

ನೋಡಬೇಕಾದ್ದು ಸೆನ್ಸರ್ ಎಷ್ಟು ದೊಡ್ಡದು ಅನ್ನುವುದನ್ನು. ಅದನ್ನು 1/1.56 ಇಂಚು, 1/2.76 ಇಂಚು ಅಂತ ಬರೆದಿರುತ್ತಾರೆ. ಕೆಳಗಿನ ಸಂಖ್ಯೆ ಚಿಕ್ಕದಾದಷ್ಟೂ ಸೆನ್ಸರ್ ದೊಡ್ಡದು. ಈ ಇಂಚು ನಿಜವಾದ ಇಂಚೂ ಅಲ್ಲ. ಹಿಂದೆ ಟಿವಿ ಕ್ಯಾಮೆರಾಗಳಲ್ಲಿ ಗಾಜಿನ ಟ್ಯೂಬ್ ಇರುತ್ತಿತ್ತಲ್ಲ, ಆ ಟ್ಯೂಬಿನ ಹೊರಗಿನ ಅಳತೆಯಿಂದ ಬಂದ ರೂಢಿ ಇದು. ಒಂದು ಇಂಚಿನ ಸೆನ್ಸರ್ ಅಂತ ಕರೆಯುವುದರ ಮೂಲೆಯಿಂದ ಮೂಲೆಗೆ ಅಳೆದರೆ 16 ಮಿಲಿಮೀಟರ್ ಆಸುಪಾಸು ಇರುತ್ತದೆ, ಅಷ್ಟೇ. ಇಷ್ಟು ವರ್ಷ ಆದರೂ ಇದನ್ನು ಯಾರೂ ಬದಲಾಯಿಸಿಲ್ಲ. ದೊಡ್ಡದಾಗಿ ಕೇಳಿಸುತ್ತದೆ ಅಂತಲೋ ಏನೋ.

ಇನ್ನು ಸಾಫ್ಟ್‌ವೇರ್. ಗೂಗಲ್ 2019ರಲ್ಲಿ ಪಿಕ್ಸೆಲ್ 3ಎ ಅನ್ನುವ ಮಧ್ಯಮ ಬೆಲೆಯ ಫೋನ್ ತಂದಾಗ ಅದರ ಹಿಂದೆ ಇದ್ದದ್ದು ಒಂದೇ ಕ್ಯಾಮೆರಾ, 12.2 ಮೆಗಾಪಿಕ್ಸೆಲ್. ದುಬಾರಿ ಪಿಕ್ಸೆಲ್ 3ರ ಹಿಂದೆ ಇದ್ದದ್ದೂ ಅಂಥದ್ದೇ. 3ಎಯಲ್ಲಿ ಚಿಪ್ ಅಗ್ಗದ್ದು, ಫೋಟೋ ಪ್ರೊಸೆಸ್ ಮಾಡಲೆಂದೇ ಇದ್ದ ಬೇರೆ ಚಿಪ್ಪನ್ನೂ ತೆಗೆದಿದ್ದರು. ಆದರೂ ಫೋಟೋಗಳು ಹೆಚ್ಚುಕಡಿಮೆ ಒಂದೇ ಥರ ಬರುತ್ತಿದ್ದವು, ಸ್ವಲ್ಪ ತಡವಾಗಿ. ನನ್ನ ಮಟ್ಟಿಗೆ ಮಧ್ಯಮ ಬೆಲೆಯ ಕ್ಯಾಮೆರಾ ಫೋನ್ ಅಂದರೆ ಇದೇ ಪಾಠ. ಒಂದು ಒಳ್ಳೆಯ ಕ್ಯಾಮೆರಾ, ಒಳ್ಳೆಯ ಸಾಫ್ಟ್‌ವೇರ್, ಸಾಕು.

ಆ ತಡವಾಗಿ ಅನ್ನುವ ಮಾತನ್ನು ಮಾತ್ರ ಸುಮ್ನೆ ಬಿಡಬೇಡಿ. ಚಿಪ್‌ನಲ್ಲಿ ದುಡ್ಡು ಉಳಿಸಿದ್ದು ಮೊದಲು ಗೊತ್ತಾಗುವುದೇ ಇಲ್ಲಿ. ಫೋಟೋ ತೆಗೆದ ಕೂಡಲೇ ತೆರೆದು ನೋಡಿದರೆ ಮಂಕಾಗಿರುತ್ತದೆ, ಒಂದೆರಡು ಕ್ಷಣ ಆದಮೇಲೆ ಸರಿಯಾಗುತ್ತದೆ. ಬೇಗ ಬೇಗ ನಾಲ್ಕೈದು ತೆಗೆದರೆ ಬಟನ್ ಒತ್ತಿದರೂ ಕೇಳದ ಹಾಗೆ ನಿಂತುಬಿಡುತ್ತದೆ. ಮ್ಯಾಪ್ ಓಡುತ್ತಿದೆ, ಹಾಡು ಓಡುತ್ತಿದೆ, ಈಗ ಪವರ್ ಬಟನ್ ಎರಡು ಸಲ ಒತ್ತಿ ಕ್ಯಾಮೆರಾ ತೆರೆಯಿರಿ. ತಕ್ಷಣ ತೆರೆಯಿತಾ? ಫೋಟೋ ತೆಗೆದು ವಾಪಸ್ ಹೋದರೆ ಮ್ಯಾಪ್ ಅಲ್ಲೇ ಇದೆಯಾ, ಅಥವಾ ಮೊದಲಿಂದ ಶುರುವಾಯಿತಾ? ಕ್ಯಾಮೆರಾ ತೆರೆದ ಕೂಡಲೇ ಹಿಂದಿನ ಆ್ಯಪ್‌ಗಳೆಲ್ಲ ಮುಚ್ಚಿಹೋಗುತ್ತಿದ್ದರೆ ರ‍್ಯಾಮ್ ಸಾಲುತ್ತಿಲ್ಲ ಅಂತ. ಖಾಲಿ ಫೋನಿನಲ್ಲಿ ಇದು ಕಾಣುವುದಿಲ್ಲ. ಅದಕ್ಕೇ ಅಂಗಡಿಯಲ್ಲಿ ಕೈಗೆ ಕೊಟ್ಟ ಫೋನ್ ಯಾವಾಗಲೂ ಚುರುಕಾಗಿಯೇ ಇರುತ್ತದೆ.

ಹಿಂದೆ ಇರುವ ಉಳಿದ ಕ್ಯಾಮೆರಾಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2 ಮೆಗಾಪಿಕ್ಸೆಲ್ ಮ್ಯಾಕ್ರೋ (ತೀರ ಹತ್ತಿರದ್ದನ್ನು ತೆಗೆಯಲು), ಡೆಪ್ತ್ (ದೂರ ಅಂದಾಜು ಮಾಡಲು) ಅಂತ ಇರುವವು ಲೆಕ್ಕ ತುಂಬಿಸಲು ಇರುವವು. ಅಗಲವಾದ ದೃಶ್ಯ ಹಿಡಿಯುವ 8 ಮೆಗಾಪಿಕ್ಸೆಲ್ ಅಲ್ಟ್ರಾವೈಡ್ ಹಗಲಿಗೆ ನಡೆಯುತ್ತದೆ, ಕತ್ತಲಾದರೆ ಇಲ್ಲ. ಮೇನ್ ಕ್ಯಾಮೆರಾದಿಂದ ಅಲ್ಟ್ರಾವೈಡ್‌ಗೆ ಬದಲಿಸಿದಾಗ ಅದೇ ಗೋಡೆಯ ಬಣ್ಣ ಬದಲಾಗುತ್ತದಾ ಅಂತ ಒಮ್ಮೆ ನೋಡಿ ಸಾಕು.

ಜೂಮ್‌ನಲ್ಲಿ ಮಾತ್ರ ಒಂದು ತಮಾಷೆ ಇದೆ. ದೂರದ್ದನ್ನು ಹತ್ತಿರ ತೋರಿಸುವ ಟೆಲಿಫೋಟೋ ಲೆನ್ಸ್ ಇರುವ ಫೋನ್‌ಗಳೂ ಬೆಳಕು ಕಡಿಮೆಯಾದರೆ ಅಥವಾ ವಸ್ತು ತೀರ ಹತ್ತಿರ ಇದ್ದರೆ ಆ ಲೆನ್ಸನ್ನು ಬಳಸುವುದೇ ಇಲ್ಲ. ಸದ್ದಿಲ್ಲದೆ ಮೇನ್ ಕ್ಯಾಮೆರಾಕ್ಕೆ ಹೋಗಿ, ಅದರ ಫೋಟೋವನ್ನೇ ಕತ್ತರಿಸಿ ಕೊಡುತ್ತವೆ. ಪರದೆಯ ಮೇಲೆ 3ಎಕ್ಸ್ ಅಂತಲೇ ಇರುತ್ತದೆ! ಪತ್ತೆ ಮಾಡಬೇಕಾ? ಸಂಜೆ ಹೊತ್ತು ಜೂಮ್ ಹಾಕಿ ಟೆಲಿಫೋಟೋ ಲೆನ್ಸಿನ ಮೇಲೆ ಬೆರಳಿಡಿ. ಚಿತ್ರ ಇನ್ನೂ ಕಾಣುತ್ತಿದ್ದರೆ ಅದು ಬೇರೆ ಲೆನ್ಸಿನಿಂದ ಬರುತ್ತಿದೆ.

ನಾನು ಫೋನ್ ಕ್ಯಾಮೆರಾದಲ್ಲಿ ಅತಿ ಹೆಚ್ಚು ತೆಗೆಯುವುದು ಯಾವುದನ್ನು ಗೊತ್ತಾ? ಕಾಗದಗಳನ್ನು. ರಸೀದಿ, ಅರ್ಜಿ, ಔಷಧಿ ಚೀಟಿ, ಪುಸ್ತಕದ ಒಂದು ಪುಟ. ಹೆಚ್ಚಿನವರದೂ ಇದೇ ಕಥೆ ಅಲ್ವಾ? ದೊಡ್ಡ ಸೆನ್ಸರಿನ ಫೋನ್‌ಗಳು ಎಡವುವುದೂ ಇಲ್ಲೇ. ಸೆನ್ಸರ್ ದೊಡ್ಡದಾದಷ್ಟೂ, ಲೆನ್ಸ್ ಅಗಲವಾದಷ್ಟೂ, ಫೋಕಸ್ ಆಗುವ ಆಳ ಕಡಿಮೆಯಾಗುತ್ತದೆ. ಹಿನ್ನೆಲೆ ತಾನಾಗಿಯೇ ಮಸುಕಾಗಿ ಮುಖ ಎದ್ದು ಕಾಣುವುದು ಇದರಿಂದಲೇ, ಅದು ಚೆಂದ. ಆದರೆ ಪುಟದ ನಡುವಿನ ಅಕ್ಷರ ಸ್ಪಷ್ಟವಾಗಿ, ಮೂಲೆಯ ಅಕ್ಷರ ಕಲಸಿದಂತೆ ಬರುವುದೂ ಇದರಿಂದಲೇ. ಹತ್ತಿರ ಹೋದಷ್ಟೂ ಜಾಸ್ತಿ. ಇನ್ನೂ ಹತ್ತಿರ ಹೋದರೆ ಫೋಕಸ್ಸೇ ಆಗುವುದಿಲ್ಲ, ಇಲ್ಲವೇ ಫೋನ್ ತಾನೇ ಅಲ್ಟ್ರಾವೈಡ್‌ಗೆ ಜಿಗಿದು ಪುಟ ಬಾಗಿದಂತೆ ತೋರಿಸುತ್ತದೆ. ಇದಕ್ಕೆ ಉಪಾಯ ಇದೆ. ಒಂದು ಹೆಜ್ಜೆ ಹಿಂದೆ ಸರಿದು 2ಎಕ್ಸ್ ಹಾಕಿ ತೆಗೆಯಿರಿ. 50 ಮೆಗಾಪಿಕ್ಸೆಲ್ ಸೆನ್ಸರಿನ ನಡುವಿನ ಭಾಗವಷ್ಟೇ ಬಳಕೆಯಾಗುತ್ತದೆ, ಅಕ್ಷರ ಮೂಲೆತನಕ ಚೆನ್ನಾಗಿ ಬರುತ್ತವೆ, ನಿಮ್ಮ ಕೈಯ ನೆರಳೂ ಬೀಳುವುದಿಲ್ಲ.

ಮೈಬಣ್ಣದ ವಿಷಯಕ್ಕೆ ನನಗೆ ಸಿಟ್ಟು ಬರುತ್ತದೆ. ಬ್ಯೂಟಿ ಮೋಡ್ ಪೂರ್ತಿ ಸೊನ್ನೆ ಮಾಡಿದರೂ ಕೆಲವು ಫೋನ್‌ಗಳು ಮುಖಕ್ಕೆ ಸುಣ್ಣ ಬಳಿದ ಹಾಗೆ ಬೆಳ್ಳಗೆ ಮಾಡುತ್ತವೆ. ಕಪ್ಪು ಮೈಬಣ್ಣದವರೊಬ್ಬರು, ಬಿಳಿ ಮೈಬಣ್ಣದವರೊಬ್ಬರು ಪಕ್ಕಪಕ್ಕ ನಿಂತರೆ ಇಬ್ಬರಲ್ಲಿ ಒಬ್ಬರ ಬಣ್ಣ ಸುಳ್ಳಾಗುತ್ತದೆ. ಗೂಗಲ್ 2021ರಲ್ಲಿ ಪಿಕ್ಸೆಲ್ 6ರ ಜೊತೆ ರಿಯಲ್ ಟೋನ್ ಅಂತ ತಂದು ಇದನ್ನು ಸರಿಪಡಿಸುವ ಕೆಲಸಕ್ಕೆ ಕೈಹಾಕಿತು. ಇದ್ದ ಹಾಗೆ ತೋರಿಸುವುದೂ ಒಂದು ಸೌಲಭ್ಯ ಅಂತ ಹೆಸರಿಟ್ಟು ಮಾರಬೇಕಾಗಿ ಬಂತು ನೋಡಿ. ನೀವು ಫೋನ್ ನೋಡುವಾಗ ಒಬ್ಬರೇ ನಿಂತು ಸೆಲ್ಫಿ ತೆಗೆಯಬೇಡಿ, ಬೇರೆ ಬೇರೆ ಮೈಬಣ್ಣದ ಮೂರು ಜನ ಕಿಟಕಿ ಪಕ್ಕ ನಿಂತು ತೆಗೆಯಿರಿ. ಆ ಫೋಟೋವನ್ನು ಅದೇ ಫೋನಿನಲ್ಲಿ ನೋಡಿ ತೀರ್ಮಾನ ಮಾಡಲೂಬೇಡಿ. ಈಗಿನ ಪರದೆಗಳು ಬಣ್ಣವನ್ನು ಗಾಢ ಮಾಡಿ ತೋರಿಸುತ್ತವೆ, ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಬೇರೆ ಪರದೆಯಲ್ಲಿ ನೋಡಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿ ನೋಡುವುದಾದರೆ ಎಚ್‌ಡಿ ಆಯ್ಕೆ ಒತ್ತಿ ಕಳಿಸಿ, ಇಲ್ಲದಿದ್ದರೆ ನೀವು ನೋಡುತ್ತಿರುವುದು ವಾಟ್ಸ್ಆ್ಯಪ್ ಇನ್ನೂ ಜಾಸ್ತಿ ಹಿಂಡಿ ಕೊಟ್ಟ ಫೋಟೋವನ್ನು.

ವಿಡಿಯೋ ತೆಗೆಯುವವರು ಸ್ಟೋರೇಜ್ ಮೊದಲು ನೋಡಬೇಕು. 4ಕೆ ವಿಡಿಯೋ, ಸೆಕೆಂಡಿಗೆ 30 ಫ್ರೇಮ್, ಹಳೆಯ ಎಚ್.264 ರೂಪದಲ್ಲಿ ಉಳಿಸಿದರೆ ನಿಮಿಷಕ್ಕೆ ಸುಮಾರು 350 ಎಂಬಿ ಹಿಡಿಯುತ್ತದೆ. ಅದಕ್ಕಿಂತ ಹೊಸ ಎಚ್ಇವಿಸಿ ರೂಪದ ಆಯ್ಕೆ ಇದ್ದರೆ ಅದರ ಅರ್ಧದಷ್ಟು. 128 ಜಿಬಿ ಫೋನ್, ಮೆಮೊರಿ ಕಾರ್ಡ್ ಹಾಕಲು ಜಾಗ ಇಲ್ಲ ಅಂದರೆ ವರ್ಷ ತುಂಬುವುದರೊಳಗೆ ಅಳಿಸುವ ಕೆಲಸ ಶುರುವಾಗುತ್ತದೆ. 4ಕೆಯಲ್ಲಿ ಸೆಕೆಂಡಿಗೆ 60 ಫ್ರೇಮ್ ಹಾಕಿದ ಕೂಡಲೇ ಕೆಲವು ಫೋನ್‌ಗಳಲ್ಲಿ ನಡುಕ ತಡೆಯುವ ವ್ಯವಸ್ಥೆ ಕಡಿಮೆಯಾಗುತ್ತದೆ, ಅಲ್ಟ್ರಾವೈಡ್ ಬಳಸಲು ಬಿಡುವುದಿಲ್ಲ. ಬಿಸಿಲಲ್ಲಿ ಹೆಚ್ಚು ಹೊತ್ತು ತೆಗೆದರೆ ಫೋನ್ ಬಿಸಿಯಾಗಿ ಪರದೆಯ ಬೆಳಕು ಇಳಿಯುತ್ತದೆ, ಏನು ತೆಗೆಯುತ್ತಿದ್ದೀರಿ ಅಂತಲೇ ಕಾಣುವುದಿಲ್ಲ. ಬ್ಯಾಟರಿ 5000 ಎಂಎಎಚ್ ಇದ್ದರೂ ಕ್ಯಾಮೆರಾ ಜಾಸ್ತಿ ಬಳಸಿದ ದಿನ ಅದು ಬೇರೆಯೇ ಲೆಕ್ಕ.

ಅಪ್‌ಡೇಟ್ ಬಗ್ಗೆ ಎಲ್ಲರೂ ಎಷ್ಟು ವರ್ಷ ಅಂತ ಕೇಳುತ್ತಾರೆ. 2024ರ ಪಿಕ್ಸೆಲ್ 8ಎಗೆ 7 ವರ್ಷ ಕೊಡುತ್ತೇವೆ ಅಂತ ಗೂಗಲ್ ಹೇಳಿದಮೇಲೆ ಬೇರೆ ಕೆಲವರ ಎರಡು, ಮೂರು ವರ್ಷದ ಮಾತು ಸಣ್ಣದಾಗಿ ಕಾಣುತ್ತದೆ. ಆದರೆ ಕ್ಯಾಮೆರಾ ಫೋನಿನಲ್ಲಿ ಅಪ್‌ಡೇಟ್ ಅಂದರೆ ಕ್ಯಾಮೆರಾವೇ ಬದಲಾಗುವುದು ಅನ್ನುವುದೂ ಗೊತ್ತಿರಲಿ. ನನ್ನ ಫೋನಿಗೆ ಬಂದ ಒಂದು ಅಪ್‌ಡೇಟ್ ಆದಮೇಲೆ ರಾತ್ರಿಯ ಫೋಟೋಗಳು ಹಗಲಿನಷ್ಟು ಬೆಳಗತೊಡಗಿದವು. ಕತ್ತಲೆ ಕತ್ತಲೆಯಾಗಿ ಕಾಣಬೇಕು ಅನ್ನುವವನು ನಾನು. ಈಗ ಪ್ರತಿ ಸಲ ಪರದೆ ಮುಟ್ಟಿ ಬೆಳಕು ಇಳಿಸಿ ತೆಗೆಯುತ್ತೇನೆ. ಹಳೆಯದಕ್ಕೆ ಹಿಂದಿರುಗುವ ದಾರಿ ಕೊಟ್ಟಿಲ್ಲ.

ಇಷ್ಟೆಲ್ಲ ಬೈದರೂ ಈ ಫೋನನ್ನು ಬದಲಿಸುವ ಯೋಚನೆ ಸದ್ಯಕ್ಕಿಲ್ಲ. ಹಗಲಿನ ಫೋಟೋ, ಕೂತವರ ಪೋರ್ಟ್ರೇಟ್, 2ಎಕ್ಸ್ ಜೂಮ್, ಇವು ಮೂರರಲ್ಲೂ ಒಂದು ಸಲ ಒತ್ತಿ ಮುಂದೆ ಹೋಗುವಷ್ಟು ನಂಬಿಕೆ ಬಂದಿದೆ. ನಂಬಿಕೆ ಬರದಿರುವುದು ಸೆಲ್ಫಿ ಕ್ಯಾಮೆರಾದ ಮೇಲೆ. ಮೆಗಾಪಿಕ್ಸೆಲ್ ಎಷ್ಟೋ ಇದೆ, ಆದರೆ ಆಟೋಫೋಕಸ್ ಇಲ್ಲ. ಫೋಕಸ್ ಒಂದೇ ದೂರಕ್ಕೆ ಕಟ್ಟಿಟ್ಟಿದ್ದಾರೆ, ಕೈ ಚಾಚಿದಷ್ಟು ದೂರಕ್ಕೆ. ವಿಡಿಯೋ ಕಾಲ್‌ನಲ್ಲಿ ಏನಾದರೂ ತೋರಿಸಲು ಹತ್ತಿರ ಹಿಡಿದರೆ ಮಸುಕು. ಈ ಬೆಲೆಯ ಬಹಳಷ್ಟು ಫೋನ್‌ಗಳಲ್ಲಿ ಹೀಗೇ ಇದೆ, ಆದರೆ ವಿವರಗಳ ಪಟ್ಟಿಯಲ್ಲಿ ಇಲ್ಲ ಅಂತ ಯಾರೂ ಬರೆಯುವುದಿಲ್ಲ, ಆ ಸಾಲನ್ನೇ ಬಿಟ್ಟಿರುತ್ತಾರೆ. ಕೊಳ್ಳುವ ಮೊದಲು ಫೋನ್ ಕೈಗೆ ಸಿಕ್ಕರೆ ಮುಂದಿನ ಕ್ಯಾಮೆರಾ ತೆರೆದು ಅಂಗೈಯನ್ನು ಹತ್ತಿರ, ದೂರ ಹಿಡಿದು ನೋಡಿ. ಎರಡು ಕಡೆಯೂ ಕೈಗೆರೆ ಸ್ಪಷ್ಟವಾಗಿ ಕಂಡರೆ ಆಟೋಫೋಕಸ್ ಇದೆ. ಮುಂದಿನ ಸಲ ನಾನಂತೂ ಮೊದಲು ಮಾಡುವ ಪರೀಕ್ಷೆ ಇದೇ. ಆ ಮ್ಯಾಕ್ರೋ ಕ್ಯಾಮೆರಾ ಕಿತ್ತು ಆ ದುಡ್ಡನ್ನು ಇಲ್ಲಿಗೆ ಹಾಕುವ ಕಂಪನಿ ಸಿಕ್ಕರೆ ಕಣ್ಣು ಮುಚ್ಚಿ ತೆಗೆದುಕೊಳ್ಳುತ್ತೇನೆ.