ಲಂಡನ್‌ನಿಂದ ಡಲ್ಲಾಸ್‌ಗೆ ಹೋದ ಮದುವೆ ಫೋಟೊ

ಗೆಳತಿ ಅಮೆರಿಕದ ಪ್ರಜೆ, ಗಂಡ ಶಿವಮೊಗ್ಗದವನು. ಇಬ್ಬರೂ ಇರುವುದು ಲಂಡನ್‌ನಲ್ಲಿ. ಈಗ ಅಮೆರಿಕಕ್ಕೆ ಹೊರಡಬೇಕು, ಅವನಿಗೆ ಐ-130, ಅಂದರೆ ಹತ್ತಿರದ ಸಂಬಂಧಿಯನ್ನು ಕರೆಸಿಕೊಳ್ಳುವ ಅರ್ಜಿ ಹಾಕಬೇಕು.

ಮೊದಲಾಗಿದ್ದರೆ ಲಂಡನ್‌ನಲ್ಲೇ ಇದ್ದ ಅಮೆರಿಕದ ವಲಸೆ ಇಲಾಖೆಯ ಆಫೀಸಿನಲ್ಲಿ ಕೊಟ್ಟು ಬರಬಹುದಿತ್ತು. ಎಷ್ಟೋ ಜನರಿಗೆ ಕೆಲವೇ ತಿಂಗಳಲ್ಲಿ ಕೆಲಸ ಮುಗಿಯುತ್ತಿತ್ತು. 2019ರಲ್ಲಿ ಹೊರದೇಶಗಳ ಆಫೀಸುಗಳನ್ನು ಮುಚ್ಚುವ ತೀರ್ಮಾನವಾಯಿತು. ದೆಹಲಿಯದೂ ಸೇರಿ ಏಳು ಉಳಿದವು. ಆದರೆ 2020ರ ಫೆಬ್ರುವರಿಯಿಂದ ಅಲ್ಲೂ ಈ ಅರ್ಜಿ ತೆಗೆದುಕೊಳ್ಳುವುದಿಲ್ಲ. ಆನ್‌ಲೈನ್‌ನಲ್ಲಿ ಹಾಕಿ, ಇಲ್ಲವೇ ಅಮೆರಿಕದ ಡಲ್ಲಾಸ್‌ಗೆ ಅಂಚೆಯಲ್ಲಿ ಕಳಿಸಿ ಅಂದರು. ಅರ್ಜಿ ಮಂಜೂರಾದ ಮೇಲೆ ನ್ಯೂ ಹ್ಯಾಂಪ್‌ಶೈರ್‌ನ ವೀಸಾ ಕೇಂದ್ರ, ಆಮೇಲೆ ಕಾನ್ಸುಲೇಟ್. ವರ್ಷ ದಾಟುವುದು ಮಾಮೂಲು.

ಇವಳು ಅಂಚೆಯನ್ನೇ ನಂಬಿದಳು. ಮದುವೆ ನಿಜ ಅಂತ ತೋರಿಸಲು ಧಾರೆಯ ಫೋಟೊ, ಜಂಟಿ ಖಾತೆಯ ಪಾಸ್‌ಬುಕ್, ಮನೆ ಬಾಡಿಗೆ ಕರಾರು. ಕನ್ನಡದ ಲಗ್ನಪತ್ರಿಕೆಯನ್ನೂ ಇಂಗ್ಲಿಷ್‌ಗೆ ಮಾಡಿಸಿ ಲಗತ್ತಿಸಿದ್ದಾಳೆ. ಸೋದರಮಾವಂದಿರ ಹೆಸರು ಒಂದೂ ಬಿಡದೆ!

ನನಗೆ ತಲೆಕೆಡುವುದು ಇಲ್ಲೇ. ಪ್ರಜೆಯ ಗಂಡ ಅಥವಾ ಹೆಂಡತಿಗೆ ವೀಸಾ ಕೋಟಾ, ಅಂದರೆ ವರ್ಷಕ್ಕೆ ಇಷ್ಟೇ ಅನ್ನುವ ಮಿತಿ, ಇಲ್ಲವೇ ಇಲ್ಲ. ಗ್ರೀನ್ ಕಾರ್ಡಿಗೆ ಕಾಯುವ ನಮ್ಮ ಐಟಿ ಹುಡುಗರ ಕಥೆಯೇ ಬೇರೆ. ಇವರ ಕಾಯುವಿಕೆ ಬರೀ ಫೈಲ್ ನೋಡುವವರ ಕೊರತೆಯಿಂದ, ಅಲ್ವಾ?

ತುರ್ತಿದ್ದರೆ, ಅಂದರೆ ಕಾಯಿಲೆ ಅಥವಾ ದಿಢೀರ್ ವರ್ಗಾವಣೆ ಇದ್ದರೆ, ಕಾನ್ಸುಲೇಟೇ ಅರ್ಜಿ ತೆಗೆದುಕೊಳ್ಳಬಹುದಂತೆ. ಅವಳೀಗ ಕಂಪನಿಯ ಎಚ್‌ಆರ್ ಹಿಂದೆ ಬಿದ್ದಿದ್ದಾಳೆ, ಅಂಥದ್ದೊಂದು ವರ್ಗಾವಣೆ ಸಿಗುತ್ತದಾ ಅಂತ.